ನೆಟ್ಟಗೆ ಮಾಡಿದ ಗೋಡೆ

ಸೇವಂತಿಗೆ ಹಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಪುಷ್ಪ ಕೈಬಿಟ್ಟಳು. ಹಾರ ಇಳಿಬಿತ್ತು, ಗೋಡೆಗೆ ಮಾತ್ರ ತಾಗಲಿಲ್ಲ. ಕೆಳತುದಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು. ಗಾಳಿಯೇನೂ ಇರಲಿಲ್ಲ.

ಅವಳು ಕತ್ತೆತ್ತಿ ಗೋಡೆಯ ತುದಿಯನ್ನು ನೋಡಿದಳು.

ಆ ಗೋಡೆಯ ಬುಡದಲ್ಲೇ ದೊಡ್ಡಮಾದಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಕೊಳ್ಳೇಗಾಲದಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು, ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡು ಈ ಬೆಳಿಗ್ಗೆ ಅಗರದಾಚೆಯ ಸ್ವಂತ ಊರಿಗೆ ಬಂದಿದ್ದರು. ಮನೆಯ ಓಣಿ ಕಿರಿದು. ನೆರಳು ಅಂತ ಇದ್ದದ್ದು ಹೊಸ ಸಮುದಾಯ ಭವನದ ಪಕ್ಕದಲ್ಲಷ್ಟೇ. ಹೆಂಡತಿ ಶಿವನಂಜಮ್ಮನ ಜೊತೆ ಮೂವತ್ತು ಹೆಂಗಸರು ಚಾಪೆ ಹಾಸಿಕೊಂಡು ಗೋಡೆಗೆ ಬೆನ್ನು ಕೊಟ್ಟಿದ್ದರು.

ಪುಷ್ಪ ಶಿವನಂಜಮ್ಮನ ಅಣ್ಣನ ಮಗಳು. ಸ್ಟುಡಿಯೋದ ಕಂಪ್ಯೂಟರ್ ಕೆಲಸ ಅವಳದೇ. ಈ ಗೋಡೆಯನ್ನು ಅವಳು ಮೊದಲೇ ನೋಡಿದ್ದಳು.

*

ಹೋದ ತಿಂಗಳು ಕಂಟ್ರಾಕ್ಟರನ ಕಡೆಯವನು ಭವನದ ಫೋಟೋವನ್ನು ಮೊಬೈಲಿನಲ್ಲಿ ತಂದಿದ್ದ. ಇಂಜಿನಿಯರ್ ಪಾಸ್ ಮಾಡುವ ಫೈಲಿಗೆ ಇಡಬೇಕು, ಈಗಲೇ ಬೇಕು ಅಂತ ಕತ್ತಿನ ಮೇಲೆ ಕೂತ. ಮಾವ ದೊಡ್ಡಮಾದಪ್ಪ ಕಾಲು ಊದಿ ಒಳಗೆ ಮಲಗಿದ್ದರು. ಫೋಟೋದಲ್ಲಿ ಗೋಡೆ ವಾಲಿತ್ತು. ಅದೇನು ಹೊಸದಲ್ಲ, ಕ್ಯಾಮರಾ ಓರೆಯಾದರೆ ಕಟ್ಟಡವೂ ಓರೆ. ದಿನಕ್ಕೆ ನಾಲ್ಕು ಕಟ್ಟಡ ನೆಟ್ಟಗೆ ಮಾಡಿದ ಕೈ ಅವಳದು.

"ಇದು ಸುಳ್ಳಲ್ಲ ಕಣವ್ವ, ಇರಾದ್ನ ಇದ್ದಂಗೆ ತೋರ್ಸಾದು" ಅಂತ ಕಲಿಸಿದವರು ಮಾವನೇ. "ಮೊದ್ಲು ಕಂಬ ನೋಡು. ಕಂಬಾನೂ ವಾಲಿದ್ರೆ ಕ್ಯಾಮರಾ ತಪ್ಪು. ಕಂಬ ನೆಟ್ಟಗಿದ್ದು ಗೋಡೆ ವಾಲಿದ್ರೆ ಮುಟ್ಬ್ಯಾಡ."

ಅವಳು ಕಂಬ ನೋಡಲಿಲ್ಲ, ಕಂಪ್ಯೂಟರಿನಲ್ಲಿ ಚಿತ್ರವನ್ನು ಎಳೆದಳು. ಗೋಡೆ ನೆಟ್ಟಗಾಯಿತು, ಪಕ್ಕದ ಕರೆಂಟ್ ಕಂಬ ವಾಲಿತು. ಚೆನ್ನಾಗಿ ಕಾಣಲಿಲ್ಲವೆಂದು ಕಂಬವನ್ನೇ ಕತ್ತರಿಸಿಬಿಟ್ಟಳು.

ಸಂಜೆ ಮಾವ ಇನ್ನೊಂದು ಪ್ರತಿಯನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಅಲ್ಲೊಂದು ಕಂಬ ಇತ್ತಲ್ಲವ್ವ?"

"ಇರ್ಲಿಲ್ಲ ಮಾವ."

ಅವರು ಪ್ರತಿಯನ್ನು ಅವಳ ಮೇಜಿನ ಮೇಲೆ ವಾಪಸಿಟ್ಟರು.

*

ಆ ಕಂಬ ಈಗಲೂ ಭವನದ ಮೂಲೆಯಲ್ಲೇ ಇತ್ತು, ಸೂಜಿಯ ಹಾಗೆ ನೆಟ್ಟಗೆ. ಅದರ ಪಕ್ಕ ಗೋಡೆ ಹೆಂಗಸರ ತಲೆಯ ಮೇಲಕ್ಕೆ ಬಾಗಿತ್ತು. ಇಷ್ಟು ದಿನ ನಿಂತಿದೆ, ಇನ್ನೊಂದು ಗಂಟೆ ನಿಲ್ಲಲಾರದೆ? ಮಣ್ಣಿಗೆ ಕೊಡುವುದು ಮೂರು ಗಂಟೆಗೆ. ಬಾಯಿ ಬಿಟ್ಟರೆ ಮಾವನ ಹೆಸರು ಅವರಿಗಿಂತ ಮೊದಲೇ ಮಣ್ಣಾಗುತ್ತದೆ. ಅಷ್ಟರಲ್ಲಿ ಶಾಮಿಯಾನದವನು ಕಿಟಕಿಯ ಸರಳಿಗೆ ಹಗ್ಗ ಬಿಗಿದು ಜಗ್ಗಿದ. ಪುಷ್ಪ ಓಡಿಹೋಗಿ ಅವನ ಕೈ ಹಿಡಿದುಕೊಂಡಳು.

ಮಾವನ ತಮ್ಮ ಪುಟ್ಟಮಾದಯ್ಯ ಎದ್ದು ಬಂದರು. "ಏನವ್ವ ಅದು?"

"ಎಲ್ರುನೂ ಏಳ್ಸಿ ಚಿಕ್ಮಾವ. ಗೋಡೆ ವಾಲೈತೆ."

"ಸುಮ್ಕಿರು. ಇಂಜಿನಿಯರೇ ಪಾಸ್ ಮಾಡವ್ರೆ. ಪಟ ನಿಮ್ ಅಂಗ್ಡೀದೇ ತಾನೆ?"

"ಅದಕ್ಕೇ ಯೋಳ್ತಿರಾದು. ಪಟದಲ್ಲಿ ನೆಟ್ಟಗೆ ಮಾಡ್ದೋಳು ನಾನು."

ಅಳುತ್ತಿದ್ದವರೂ ಅಳು ನಿಲ್ಲಿಸಿದರು. ಪುಟ್ಟಮಾದಯ್ಯ ಸುತ್ತ ನೋಡಿ ದನಿ ತಗ್ಗಿಸಿದರು. "ಸತ್ತೋರ್ ಮುಂದೆ ನಿಂತ್ಕಂಡು ಅವ್ರ ಅಂಗ್ಡಿ ಮಾನ ಕಳೀಬ್ಯಾಡ. ಮಣ್ಣಾಗ್ಲಿ, ಆಮ್ಯಾಲೆ ಮಾತಾಡುವ."

ಪುಷ್ಪ ನೇರ ಅತ್ತೆಯ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. "ಅತ್ತೆ, ಮಾವ ಕಂಬ ಎಲ್ಲಿ ಅಂತ ಕೇಳಿದ್ರು. ನಾನು ಇರ್ಲಿಲ್ಲ ಅಂತ ಸುಳ್ ಯೋಳ್ದೆ."

ಶಿವನಂಜಮ್ಮ ಅವಳನ್ನೇ ನೋಡಿದರು. ಆಮೇಲೆ ಕತ್ತೆತ್ತಿ ಗೋಡೆಯನ್ನು ನೋಡಿದರು.

"ಆಸ್ಪತ್ರೇಲಿ ಮೂರ್ ದಿನವೂ ಇದೇ ಮಾತು" ಅಂದರು. "ಊರ್ಗೆ ಕರ್ಕಂಡೋಗು, ಒಂದು ಕಂಬ ನೋಡ್ಬೇಕು ಅನ್ನೋರು. ಜ್ವರದಲ್ಲಿ ಬಡಬಡಿಸ್ತಾವ್ರೆ ಅಂತ ನಾನು ಬಾಯಿಗೆ ನೀರು ಬುಟ್ಟು ಮಲಗಿಸ್ತಿದ್ದೆ."

ಶಿವನಂಜಮ್ಮ ನೆಲಕ್ಕೆ ಕೈಯೂರಿ ಎದ್ದರು.

"ಎತ್ರಪ್ಪ ಅವ್ರನ್ನ. ಬಿಸ್ಲಲ್ಲಿ ಮಡಗಿ."

ಪುಟ್ಟಮಾದಯ್ಯ ಒಂದು ಗಳಿಗೆ ನಿಂತರು, ಆಮೇಲೆ ತಾವೇ ಬಂದು ಕುರ್ಚಿಯ ಒಂದು ಕಾಲು ಹಿಡಿದರು. ಹೆಂಗಸರು ತಲೆಗೆ ಸೆರಗು ಎಳೆದುಕೊಂಡು ಒಬ್ಬೊಬ್ಬರೇ ಕುರ್ಚಿಯ ಹಿಂದೆ ಹೋಗಿ ಸುಡುವ ನೆಲದ ಮೇಲೆ ಕೂತರು. ಪುಷ್ಪ ಮಾವನ ಮುಖಕ್ಕೆ ಬಿಸಿಲು ಬೀಳದ ಹಾಗೆ ಅಡ್ಡ ನಿಂತಳು. ಅತ್ತ ಗೋಡೆಯ ಬುಡದ ತಣ್ಣನೆ ನೆರಳಿನಲ್ಲಿ, ಮೂರು ಗಂಟೆಯವರೆಗೂ, ಖಾಲಿ ಚಾಪೆಗಳು ಹಾಸಿದ ಹಾಗೇ ಬಿದ್ದಿದ್ದವು.