ಪಾದದ ಗುರುತಿನ ಕಾಗದ

ಲೊರೀನ್ ಹ್ಯಾಸ್ಕೆಟ್ ಅರ್ಕನ್ಸಾಸ್‌ನ ಒಂದು ಸಣ್ಣ ಊರಿನ ಶಾಲೆಯಲ್ಲಿ ದಿನಾ ನಾನೂರು ಮಕ್ಕಳ ಮಧ್ಯಾಹ್ನದ ಊಟ ನೋಡಿಕೊಳ್ಳುವವಳು. ಯಾವ ಮಗುವಿಗೆ ಕಡಲೆಕಾಯಿ ಆಗದು, ಯಾವುದಕ್ಕೆ ಹಾಲು ಒಗ್ಗದು ಎನ್ನುವುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹಾಗಾಗಿ ಎಪ್ಪತ್ತಾರನೇ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದಾಗ ಅವಳ ತಾಯಿ ವಿಲ್ಮಾ ಕೆರಿಬಿಯನ್ ಹಡಗಿನ ಪ್ರವಾಸ ಬೇಕು ಅಂದಳಲ್ಲ, ಅದರ ಏರ್ಪಾಟು ಯಾರ ಹೆಗಲಿಗೆ ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ.

ವಿಲ್ಮಾಗೆ ಸಮುದ್ರದ ಹುಚ್ಚೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ.

"ನೀನೂ ರಾಯ್ಸೂ ಒಂದೇ ಮೇಜಲ್ಲಿ ಕೂತು ಉಣ್ಣೋದನ್ನ ನೋಡ್ಬೇಕು ಕಣೇ" ಎಂದಳು. "ನಮ್ಮನೇಲಾದ್ರೆ ಒಬ್ರಲ್ಲ ಒಬ್ರು ಎದ್ದು ಗಾಡಿ ಹತ್ಕೊಂಡು ಹೋಗ್ತೀರ. ಹಡಗಲ್ಲಾದ್ರೆ ಎಲ್ಲಿಗೆ ಹೋಗ್ತೀರ, ನೀರಿಗೆ ಹಾರ್ತೀರ?"

ರಾಯ್ಸ್ ಲೊರೀನಳ ತಮ್ಮ. ಕೋಳಿ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ. ಎರಡು ವರ್ಷದ ಹಿಂದೆ, ನವೆಂಬರಿನ ಹಬ್ಬದೂಟದ ದಿನ, ಐಸ್ ತರುತ್ತೇನೆಂದು ಲೊರೀನಳ ಮಗ ಟೇಟನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದವನು ಅದನ್ನು ಚರಂಡಿಗೆ ಇಳಿಸಿದ. ಕುಡಿದಿದ್ದ. ಹನ್ನೊಂದು ವರ್ಷದ ಹುಡುಗನ ಹೆಗಲ ಮೂಳೆ ಮುರಿಯಿತು. ಅಂದಿನಿಂದ ಅಕ್ಕ ತಮ್ಮ ಒಂದು ಮನೆಯೊಳಗೆ ಕೂತಿರಲಿಲ್ಲ. ಈಗ ರಾಯ್ಸ್ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ತಾಯಿ ಅದನ್ನು ನಂಬಿದ್ದಳು. ಲೊರೀನ್ ಎಣಿಸುತ್ತಿದ್ದಳು, ಅಷ್ಟೇ.

ಆದರೂ ಕೆಲಸಕ್ಕೆ ಇಳಿದ ಮೇಲೆ ಅವಳು ಅರೆಬರೆ ಮಾಡುವವಳಲ್ಲ. ಕಿತ್ತಳೆ ಬಣ್ಣದ ಒಂದು ದಪ್ಪ ಕಡತ ತಂದಳು. ತಾಯಿಗೆ ಓಲಾಟ ತಡೆಯದು ಎಂದು ಹಡಗಿನ ನಟ್ಟನಡುವೆ, ಕೆಳ ಅಂತಸ್ತಿನಲ್ಲಿ ಕೋಣೆ ಹಿಡಿದಳು. ಕಿಟಕಿ ಇಲ್ಲದಿದ್ದರೂ ಚಿಂತೆಯಿಲ್ಲ, ಅಲ್ಲಿ ಅಲುಗಾಟ ಕಡಿಮೆ. ಲಿಫ್ಟಿಗೆ ಎಷ್ಟು ಹೆಜ್ಜೆ ಎಂದು ನಕ್ಷೆಯಲ್ಲಿ ಅಳೆದಳು. ಕೋಣೆಯ ಗೋಡೆ ಕಬ್ಬಿಣದ್ದು, ಒದ್ದೆ ಬಟ್ಟೆ ನೇತುಹಾಕಲು ಆಯಸ್ಕಾಂತದ ಕೊಕ್ಕೆ ಕೊಂಡಳು. ಮನೆಮಂದಿಗೆಲ್ಲ ಫೋನಿನಲ್ಲಿ ಉದ್ದುದ್ದ ಸಂದೇಶ ಕಳಿಸಿದಳು. ಹಡಗು ಹೊರಡುವ ಹಿಂದಿನ ದಿನವೇ ಗ್ಯಾಲ್ವೆಸ್ಟನ್ ಬಂದರು ಸೇರಿ ಉಳಿಯಬೇಕು. ದೊಡ್ಡ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಗೆ, ಆದ್ದರಿಂದ ಮಾತ್ರೆ, ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ದಡಕ್ಕೆ ಇಳಿದಾಗ ಅಲ್ಲಿನ ಗಡಿಯಾರ ನೋಡಬಾರದು, ಹಡಗಿನ ಗಡಿಯಾರವೇ ವೇದವಾಕ್ಯ. ತಡವಾಗಿ ಬಂದವರಿಗೆ ಹಡಗು ಕಾಯುವುದಿಲ್ಲ.

ಪ್ರತಿ ಸಂದೇಶಕ್ಕೂ ರಾಯ್ಸ್‌ನಿಂದ ಒಂದೇ ಉತ್ತರ: "ಅಪ್ಪಣೆ, ಕ್ಯಾಪ್ಟನ್."

ಅವಳಿಗೆ ಆ ಕುಹಕ ಹಿಡಿಸುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಹಡಗಿನ ನಕ್ಷೆ ಅವಳ ನಿದ್ದೆ ಕೆಡಿಸಿತ್ತು. ಲಿಫ್ಟು ಹುಡುಕುತ್ತಾ ಹೋದವಳು ಬಾರುಗಳನ್ನು ಎಣಿಸಿದ್ದಳು. ಹದಿನಾಲ್ಕು. ಈಜುಕೊಳದ ಪಕ್ಕ ಒಂದು, ಊಟದ ಮನೆಯ ಬಾಗಿಲಲ್ಲಿ ಒಂದು, ಮಕ್ಕಳ ಆಟದ ಕೋಣೆಯ ಎದುರಿಗೇ ಒಂದು. ಕುಡಿತ ಬಿಟ್ಟು ವರ್ಷ ತುಂಬದವನನ್ನು ಏಳು ದಿನ ಅದರೊಳಗೆ ಕೂಡಿಹಾಕುವುದು ಯಾವ ಬುದ್ಧಿ ಎಂದು ಗಂಡ ಕರ್ಟಿಸನನ್ನು ಕೇಳಿದಳು. ಕರ್ಟಿಸ್, ಅದನ್ನು ನಿನ್ನ ಅಮ್ಮನ ಹತ್ತಿರ ಹೇಳು ಎಂದು ಟಿವಿಯತ್ತ ತಿರುಗಿದ. ಅವಳು ಹೇಳಲಿಲ್ಲ.

ಕೊನೆಗೆ ಉಳಿದದ್ದು ಕಾಗದಪತ್ರ. ಹಡಗು ಹೊರಟ ಬಂದರಿಗೇ ಮರಳುವುದರಿಂದ ಪಾಸ್‌ಪೋರ್ಟ್ ಬೇಕಿರಲಿಲ್ಲ; ಸರ್ಕಾರ ಕೊಟ್ಟ ಜನನ ಪತ್ರ, ಜೊತೆಗೆ ಚಾಲನಾ ಪರವಾನಗಿ ಇದ್ದರೆ ಸಾಕು. ಎಲ್ಲರೂ ತಮ್ಮ ತಮ್ಮ ಜನನ ಪತ್ರದ ಫೋಟೋ ಕಳಿಸಿ, ನಾನು ಒಮ್ಮೆ ನೋಡುತ್ತೇನೆ ಎಂದು ಬರೆದಳು. ಹೊರಡಲು ಇನ್ನೂ ಆರು ವಾರ ಇದ್ದಾಗ ರಾಯ್ಸ್‌ನ ಫೋಟೋ ಬಂತು. ಅವಳು ಶಾಲೆಯ ಅಡುಗೆಮನೆಯಲ್ಲಿ ಹಾಲಿನ ಡಬ್ಬಿ ಎಣಿಸುತ್ತಾ ನಿಂತಿದ್ದಳು.

ಆ ಕಾಗದ ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಅಮ್ಮನ ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟದ್ದು. ಅಂಚಿಗೆ ಹೂಬಳ್ಳಿ, ಮೂಲೆಯಲ್ಲಿ ಚಿನ್ನದ ಬಣ್ಣದ ಮುದ್ರೆ, ಮಗುವಿನ ಹೆಸರು, ತೂಕ, ಹುಟ್ಟಿದ ಗಳಿಗೆ, ಡಾಕ್ಟರ ಸಹಿ. ಕೆಳಗೆ ಮಸಿಯಲ್ಲಿ ಒತ್ತಿದ ಎರಡು ಪುಟ್ಟ ಪಾದ. ಮೇಲೆ ದಪ್ಪ ಅಕ್ಷರದಲ್ಲಿ ಜನನ ಪತ್ರ ಎಂದೇ ಇತ್ತು. ಆದರೆ ಅದು ಆಸ್ಪತ್ರೆಯವರು ತಾಯಿಗೆ ನೆನಪಿಗೆಂದು ಕೊಡುವ ಕಾಗದ, ಸರ್ಕಾರದ್ದಲ್ಲ. ಊರಿನಲ್ಲಿ ಅರ್ಧ ಜನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಲೊರೀನಳಿಗೆ ಗೊತ್ತಿತ್ತು. ಟೇಟನನ್ನು ಫುಟ್‌ಬಾಲ್ ತಂಡಕ್ಕೆ ಸೇರಿಸಲು ಹೋದಾಗ ಅವನ ಪಾದದ ಕಾಗದವನ್ನು ಅಲ್ಲಿನ ಹೆಂಗಸು ಹಿಂದಕ್ಕೆ ತಳ್ಳಿದ್ದಳು. ಆಮೇಲೆ ರಾಜ್ಯದ ಕಚೇರಿಗೆ ಬರೆದು ಅಸಲಿ ತರಿಸಲು ಮೂರು ವಾರ ಹಿಡಿದಿತ್ತು.

ಮೂರು ವಾರ. ಕೈಯಲ್ಲಿ ಆರು ವಾರ ಇತ್ತು.

ಅವಳು ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಸರಿ" ಎಂದು ಬರೆದು ಕಳಿಸಿದಳು. ಕಡತದಲ್ಲಿ ರಾಯ್ಸ್‌ನ ಹೆಸರಿನ ಮುಂದೆ ಗುರುತು ಹಾಕಿದಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಶಾಲೆಗೆ ತಪಾಸಣೆಯವರು ಬಂದರು. ಅದರ ಮರುದಿನ ಏನೂ ಇರಲಿಲ್ಲ, ಆಗಲೂ ಹೇಳಲಿಲ್ಲ. ಬಂದರಿನಲ್ಲಿ ಅಷ್ಟೆಲ್ಲ ಯಾರು ನೋಡುತ್ತಾರೆ ಎಂದು ಒಂದು ವಾರ, ಅವನೇ ವಿಚಾರಿಸಿಕೊಳ್ಳಲಿ ಮಗುವೇನಲ್ಲ ಎಂದು ಇನ್ನೊಂದು ವಾರ. ಮೂರು ವಾರದ ಗಡುವು ದಾಟಿದ ದಿನ ಅವಳಿಗೆ ಹಗುರವೆನಿಸಿತು. ಆ ನಿರಾಳ ಯಾತಕ್ಕೆಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಶನಿವಾರ ಎರಡು ಗಾಡಿಗಳಲ್ಲಿ ಹೊರಟರು. ಯಾರು ಎಲ್ಲಿ ಕೂರಬೇಕೆಂದು ಕಡತದಲ್ಲಿ ಒಂದು ಹಾಳೆಯೇ ಇತ್ತು. ಕರ್ಟಿಸ್‌ನ ಕಾರಿನಲ್ಲಿ ಲೊರೀನ್, ಟೇಟ್, ವಿಲ್ಮಾ. ರಾಯ್ಸ್ ತನ್ನ ಗಾಡಿಯಲ್ಲಿ ಒಬ್ಬನೇ, ಪೆಟ್ಟಿಗೆಗಳ ಜೊತೆ. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ ವಿಲ್ಮಾ, ಇಲ್ಲಿಂದ ಮುಂದೆ ನಾನು ಅವನ ಜೊತೆ ಬರ್ತೀನಿ ಎಂದಳು. ಲೊರೀನ್, ನಿನ್ನ ಮಾತ್ರೆ ನನ್ನ ಹತ್ತಿರ ಇದೆ ಎಂದು ಬಾಗಿಲು ತೆರೆದು ಹಿಡಿದಳು. ಮುದುಕಿ ಒಳಗೆ ಕೂತಳು.

ಭಾನುವಾರ ಹನ್ನೊಂದೂವರೆಗೆ ಹಡಗು ಹತ್ತಲು ಅವರ ಸರದಿ. ರಾಯ್ಸ್ ಹೊಸ ಅಂಗಿ ತೊಟ್ಟಿದ್ದ, ಗಿಣಿಗಳ ಚಿತ್ರದ್ದು. ಬೆಲೆಯ ಚೀಟಿ ತೆಗೆದ ದಾರ ಇನ್ನೂ ತೋಳಿನಲ್ಲಿತ್ತು. ಟೇಟ್ ಅದನ್ನು ಕಿತ್ತು ಕೊಟ್ಟ. ಮಾವ ಸೋದರಳಿಯ ಏನೋ ಹೇಳಿಕೊಂಡು ನಕ್ಕರು. ಸಾಲಿನಲ್ಲಿ ನಿಂತ ಲೊರೀನ್ ಕಡತದ ಹಾಳೆಗಳನ್ನು ಮತ್ತೆ ಮತ್ತೆ ಎಣಿಸಿದಳು. ಈಗಲಾದರೂ ಏನು ಹೇಳಲಿ, ಹೇಳಿ ಏನು ಪ್ರಯೋಜನ, ಭಾನುವಾರ ಯಾವ ಕಚೇರಿ ತೆರೆದಿರುತ್ತದೆ. ನಾಲ್ಕು ಜನರ ಕಾಗದ ಸರಿಹೋಯಿತು. ಐದನೆಯದನ್ನು ಕೌಂಟರಿನ ಹುಡುಗಿ ಬೆಳಕಿಗೆ ಹಿಡಿದಳು, ಮೇಲಧಿಕಾರಿಯೊಬ್ಬನನ್ನು ಕರೆದಳು. ಅವನು ಒಂದೇ ನೋಟಕ್ಕೆ ತಲೆಯಾಡಿಸಿದ. ಇದು ಆಸ್ಪತ್ರೆಯ ನೆನಪಿನ ಕಾಗದ, ವಾರಕ್ಕೆ ಇಂಥ ನಾಲ್ಕೈದು ನೋಡುತ್ತೇನೆ, ಸರ್ಕಾರದ ಪತ್ರ ಇಲ್ಲದೆ ಹತ್ತಿಸುವಂತಿಲ್ಲ ಎಂದ. ದನಿಯಲ್ಲಿ ಒರಟುತನವಿರಲಿಲ್ಲ.

ವಿಲ್ಮಾ ಮುಂದೆ ಬಂದು ಕೌಂಟರಿನ ಮೇಲೆ ಬೆರಳಿಟ್ಟಳು. "ಇವು ಇವನದೇ ಕಾಲು. ನರ್ಸು ಮಸಿ ಹಚ್ಚುವಾಗ ನಾನೇ ಹಿಡ್ಕೊಂಡಿದ್ದೆ."

"ಗೊತ್ತಾಗುತ್ತೆ ಅಮ್ಮ" ಎಂದ ಅವನು. "ಆದ್ರೆ ಇದು ನಡಿಯಲ್ಲ."

ಅವಳು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಳು. ತಾನೂ ಹೋಗುವುದಿಲ್ಲ ಎಂದಳು. ಕರ್ಟಿಸ್ ಗಡಿಯಾರ ನೋಡಿದ. ರಾಯ್ಸ್ ಕಾಗದ ಹಿಡಿದುಕೊಂಡು ಅಕ್ಕನತ್ತ ತಿರುಗಿದ.

"ನೀನು ನೋಡಿದ್ದೆ ಅಲ್ವಾ?"

"ನೋಡಿದ್ದೆ" ಎಂದಳು ಲೊರೀನ್.

ಅವನು ಅವಳನ್ನು ಒಂದು ಕ್ಷಣ ನೋಡಿ, ಕಾಗದವನ್ನು ಅವಳ ಕಡತದೊಳಕ್ಕೆ ತಾನೇ ಸೇರಿಸಿದ. ಆಮೇಲೆ ತಾಯಿಯ ಮುಂದೆ ಮಂಡಿಯೂರಿ ಕೂತ. ನಾಳೆ ಸೋಮವಾರ, ಕಚೇರಿ ತೆಗೆಯುತ್ತೆ, ಅಸಲಿ ಕಾಗದ ತಗೊಂಡು ವಿಮಾನದಲ್ಲಿ ಹಡಗು ಮೊದಲು ನಿಲ್ಲೋ ಕೊಸುಮೆಲ್‌ಗೆ ಬಂದು ಅಲ್ಲೇ ಹತ್ತುತ್ತೀನಿ, ನೀನು ನಡಿ ಎಂದ. ಮೆಕ್ಸಿಕೋಗೆ ಹಾರಬೇಕಾದರೆ ಪಾಸ್‌ಪೋರ್ಟ್ ಬೇಕು, ಅದು ಅವನ ಬಳಿ ಇಲ್ಲ, ಸೋಮವಾರ ಒಂದು ದಿನದಲ್ಲಿ ಆಗುವ ಮಾತೂ ಅಲ್ಲ. ಇದು ರಾಯ್ಸ್‌ಗೂ ಗೊತ್ತಿತ್ತು, ಲೊರೀನಳಿಗೂ ಗೊತ್ತಿತ್ತು. ವಿಲ್ಮಾ ಮಗಳ ಮುಖ ನೋಡಿದಳು. "ಹೌದೇನೇ, ಬರಬಹುದಾ?"

ಲೊರೀನ್ ಹೂಂ ಎಂದು ತಲೆಯಾಡಿಸಿದಳು.

ಹಡಗಿನಲ್ಲಿ ಎರಡು ದಿನ ಬರಿ ನೀರು. ಊಟಕ್ಕೆ ಐದು ಜನರ ಮೇಜು. ವಿಲ್ಮಾ ಐದನೇ ಕುರ್ಚಿಯ ಮೇಲೆ ತನ್ನ ಕೈಚೀಲ ಇಡುತ್ತಿದ್ದಳು, ಬಡಿಸುವವನು ತಟ್ಟೆ ತೆಗೆಯಲು ಬಂದರೆ ಬಿಡುತ್ತಿರಲಿಲ್ಲ. ಓಲಾಟ ಅವಳನ್ನು ಏನೂ ಮಾಡಲಿಲ್ಲ. ಬಚ್ಚಲಲ್ಲಿ ಬಗ್ಗಿ ಕಾರಿಕೊಂಡವಳು ಲೊರೀನ್, ಅದೂ ನಟ್ಟನಡುವಿನ ಕೋಣೆಯಲ್ಲಿ. ಹದಿನಾಲ್ಕು ಬಾರುಗಳ ಮುಂದೆಯೂ ಹಾದುಹೋದಳು. ಅಲ್ಲಿ ಕೂತವರು ಬಿಸಿಲಿಗೆ ಕೆಂಪಾದ, ಅವಳ ವಯಸ್ಸಿನದೇ ಜನ. ಯಾರೂ ಯಾರ ಕೈಗೂ ಬಲವಂತವಾಗಿ ಲೋಟ ಕೊಡುತ್ತಿರಲಿಲ್ಲ.

ಮೂರನೇ ದಿನ ಕೊಸುಮೆಲ್. ಕರ್ಟಿಸ್ ಟೇಟನನ್ನು ಕರೆದುಕೊಂಡು ಮೀನು ನೋಡಲು ನೀರಿಗಿಳಿಯುವವರ ದೋಣಿ ಹತ್ತಿದ. ವಿಲ್ಮಾ ಹುಲ್ಲಿನ ಟೋಪಿ ಹಾಕಿಕೊಂಡು ಹಡಗು ನಿಲ್ಲುವ ಧಕ್ಕೆಯ ತುದಿಯ ಬೆಂಚಿನಲ್ಲಿ ಕೂತಳು. ಕಡಲತೀರಕ್ಕೆ ಹೋಗೋಣ, ಕುರ್ಚಿ ಕಾದಿರಿಸಿದ್ದೇನೆ ಎಂದು ಲೊರೀನ್ ಎರಡು ಸಲ ಕರೆದಳು. ಅವನು ಬಂದಾಗ ಯಾರೂ ಇಲ್ಲದಿದ್ದರೆ ಎಂದಳು ಮುದುಕಿ. ಊರ ಕಡೆಯಿಂದ ಬರುವ ಪ್ರತಿ ಟ್ಯಾಕ್ಸಿಗೂ ಟೋಪಿಯ ಅಂಚು ಎತ್ತಿ ನೋಡುತ್ತಿದ್ದಳು. ಒಂದು ಗಂಟೆ ಕಳೆಯಿತು. ಗಿಣಿ ಚಿತ್ರದ ಅಂಗಿಯವನೊಬ್ಬ ಇಳಿದಾಗ ಎದ್ದು ನಿಂತೇಬಿಟ್ಟಳು. ಅವನು ಬೇರೆ ಯಾರೋ.

"ಅವನು ಬರಲ್ಲ ಅಮ್ಮ" ಎಂದಳು ಲೊರೀನ್. "ಬರೋಕೆ ಆಗಲ್ಲ. ನಿನ್ನ ಹಡಗು ಹತ್ತಿಸೋಕೆ ಹಾಗಂದ."

ವಿಲ್ಮಾ ಕೂತಳು. ಲೊರೀನ್ ಅಲ್ಲಿಗೆ ನಿಲ್ಲಿಸಬಹುದಿತ್ತು.

"ಆ ಕಾಗದ ನಡಿಯಲ್ಲ ಅಂತ ನಂಗೆ ಆರು ವಾರದ ಹಿಂದೇನೇ ಗೊತ್ತಿತ್ತು. ಟೇಟಂದೂ ಹಾಗೇ ಆಗಿತ್ತು. ನಾನು ಹೇಳ್ಲಿಲ್ಲ."

ಮುದುಕಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಯ್ಯಬಹುದು, ಅಳಬಹುದು ಎಂದು ಲೊರೀನ್ ಕಾದಳು. ಎರಡೂ ಆಗಲಿಲ್ಲ.

"ನಂಗ್ಯಾಕೆ ಹೇಳ್ತಿ? ಅವನಿಗೆ ಹೇಳು" ಎಂದಳು ವಿಲ್ಮಾ. "ಈಗ್ಲೇ. ನನ್ನೆದುರಿಗೆ."

ಫೋನು ಎರಡು ಸಲ ರಿಂಗಾಗುವಷ್ಟರಲ್ಲಿ ಅವನು ಎತ್ತಿದ. ಊರಿಗೆ ಹೋಗಿರಲಿಲ್ಲ, ಗ್ಯಾಲ್ವೆಸ್ಟನ್‌ನಲ್ಲೇ ಮೀನಿಗೆ ಗಾಳ ಹಾಕಿ ಕೂತಿದ್ದ; ಹಿಂದಿನಿಂದ ಅಲೆಯ ಸದ್ದು ಕೇಳುತ್ತಿತ್ತು. "ಹೇಳಿ ಕ್ಯಾಪ್ಟನ್" ಎಂದ. ಅವಳು ಹೇಳಿದಳು. ಬಾರುಗಳನ್ನು ಎಣಿಸಿದ್ದನ್ನೂ ಹೇಳಿದಳು. ಅದು ನೆಪದಂತೆ ಕೇಳಿಸಿತು, ಹಾಗಾಗಿ ಅರ್ಧಕ್ಕೇ ಬಿಟ್ಟಳು.

"ಗೊತ್ತು" ಎಂದ ರಾಯ್ಸ್. "ಬಚ್ಚಲಿಗೆ ಯಾವ ಚಪ್ಪಲಿ ತರಬೇಕು ಅಂತ ಒಂದು ಪುಟ ಬರೆದೋಳು ನೀನು. ನನ್ನ ಕಾಗದಕ್ಕೆ ಮಾತ್ರ 'ಸರಿ' ಅಂತ ಒಂದೇ ಮಾತು. ಅವತ್ತೇ ಏನೋ ಇದೆ ಅನ್ನಿಸ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಬರಬೇಡ ಅಂತಿದ್ದೆ. ಕೇಳದೇ ಇದ್ರೆ ಬಂದರಿನ ತನಕ ಆದ್ರೂ ಬರಬಹುದಲ್ಲ ಅಂತ." ಆಮೇಲೆ, "ಅಮ್ಮನಿಗೆ ಕೊಡು" ಎಂದ.

ವಿಲ್ಮಾ ಫೋನು ತಗೊಂಡು ಮಗಳಿಗೆ ಬೆನ್ನು ಮಾಡಿ ಕೂತಳು. ಏನು ತಿಂದೆ ಎಂದು ಕೇಳಿದಳು. ಎಷ್ಟು ಮೀನು ಹಿಡಿದೆ, ಯಾವ ಮೀನು, ಸುಳ್ಳು ಹೇಳಬೇಡ ಎಂದಳು. ನಕ್ಕಳು. ಇಪ್ಪತ್ತು ನಿಮಿಷ ಮಾತಾಡಿದಳು. ಲೊರೀನ್ ಕಿತ್ತಳೆ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಹಡಗಿನ ಗಡಿಯಾರದ ಪ್ರಕಾರ ಹತ್ತಲು ಇನ್ನೂ ಎರಡು ಗಂಟೆಯಿತ್ತು.

ಫೋನು ಹಿಂದಕ್ಕೆ ಕೊಡುತ್ತಾ ವಿಲ್ಮಾ ಕೈ ಚಾಚಿದಳು. "ಆ ಕಾಗದ ಕೊಡು."

ಲೊರೀನ್ ಕೊಟ್ಟಳು. ಮುದುಕಿ ಅದನ್ನು ಮಡಿಸದೆ, ಕೈಚೀಲದೊಳಗೆ ಅದರ ಹಿಂಬದಿಗೆ ಆನಿಸಿ ನಿಲ್ಲಿಸಿಟ್ಟಳು.

"ಅವನು ಭಾನುವಾರದ ತನಕ ಅಲ್ಲೇ ಇರ್ತಾನಂತೆ. ಹೋಗುವಾಗ ನಾನು ಅವನ ಗಾಡೀಲಿ ಹೋಗ್ತೀನಿ" ಎಂದಳು. "ನನ್ನ ಮಾತ್ರೆ ಡಬ್ಬಿ ಇವತ್ತೇ ನನ್ನ ಕೈಗೆ ಕೊಟ್ಟುಬಿಡು."

ಲೊರೀನ್ ಡಬ್ಬಿ ತೆಗೆದು ಕೊಟ್ಟಳು. ಆಮೇಲೆ ಕಡತ ಬಿಡಿಸಿ, ಮರಳುವ ದಾರಿಯ ಹಾಳೆ ಹುಡುಕಿ, ಕರ್ಟಿಸ್‌ನ ಕಾರು, ಹಿಂದಿನ ಸೀಟು ಎಂದಿದ್ದ ಕಡೆ ತಾಯಿಯ ಹೆಸರನ್ನು ಹೊಡೆದುಹಾಕಿದಳು.