ಹೆಳವನ ಮನೆಗೆ ಹೊರಟವನು

ಹೆಳವ ನಮ್ಮ ಬಾಗಿಲಿಗೆ ಬರಬೇಕೇ ಹೊರತು, ನಾವು ಹೆಳವನ ಬಾಗಿಲಿಗೆ ಹೋಗುವುದಿಲ್ಲ. ಚಿನಕುರಳಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತು ಇದು. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಂದು ಸಲ, ಸುಗ್ಗಿ ಮುಗಿದ ಮೇಲೆ, ನಾಗಮಂಗಲದ ಕಡೆಯಿಂದ ಹೆಳವ ಎತ್ತಿನ ಮೇಲೆ ಕೂತು ಬರುತ್ತಿದ್ದ. ಕೆಳಗೆ ಇಳಿಯುತ್ತಿರಲಿಲ್ಲ. ಗಂಟೆ ಅಲ್ಲಾಡಿಸಿ, ಆ ಮನೆಯ ಮುತ್ತಾತನ ಮುತ್ತಾತನಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನವರೆಗೆ ಒಂದೇ ಉಸಿರಿಗೆ ಹೆಸರು ಹೇಳುತ್ತಿದ್ದ. ಮಡಿಲಲ್ಲಿ ಕಡತ, ಹುಣಿಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಳಿದ ಕರಿ ಬಟ್ಟೆ, ಅದರ ಮೇಲೆ ಬಳಪದ ಬಿಳಿ ಅಕ್ಷರ. ಯಾರದು ಯಾವ ಬೆಡಗು ಎನ್ನುವುದೆಲ್ಲ ಅದರಲ್ಲಿತ್ತು. ಒಂದೇ ಬೆಡಗಿನವರೆಂದರೆ ಹತ್ತು ತಲೆಮಾರು ದೂರವಾದರೂ ಅಣ್ಣ ತಂಗಿಯರೇ. ಅವರಲ್ಲಿ ಹೆಣ್ಣು ತರುವಂತಿಲ್ಲ, ಕೊಡುವಂತಿಲ್ಲ.

ಅಂಥ ಹೆಳವ ಬಂದು ಹದಿನಾರು ವರ್ಷವಾಗಿತ್ತು. ಮರಾಠರ ದಂಡಿಗೂ ನವಾಬರ ದಂಡಿಗೂ ಊರ ಬಯಲಲ್ಲೇ ಕಾಳಗವಾಯಿತಲ್ಲ, ಅದರ ಮಾರನೆಯ ವರ್ಷ ಒಮ್ಮೆ ತಲೆ ತೋರಿಸಿದವನು ಮತ್ತೆ ಈ ಕಡೆ ಸುಳಿಯಲಿಲ್ಲ. ಅವನ ಎತ್ತು ಸತ್ತಿತೆಂದು ಕೆಲವರು, ಎತ್ತನ್ನು ಯಾರೋ ದಂಡಿನವರು ಹೊಡೆದುಕೊಂಡು ಹೋದರೆಂದು ಕೆಲವರು. ಎತ್ತಿಲ್ಲದ ಹೆಳವ ಊರು ಹೊಗುವಂತಿಲ್ಲ.

ಅದಕ್ಕೇ ಕುಳ್ಳಯ್ಯ ತಾನೇ ಹೋಗುತ್ತೇನೆಂದು ಎದ್ದ.

ಕಾಳಗ ಮುಗಿದ ಮೂರನೆಯ ದಿನ ಮುರಿದ ಗಾಡಿಯ ಕೆಳಗೆ ಸಿಕ್ಕಿದವನು ಈ ಕುಳ್ಳಯ್ಯ. ಆಗ ನಾಲ್ಕು ವರ್ಷವಿರಬಹುದು, ಮಾತು ನಿಂತುಹೋಗಿತ್ತು. ಊರೆಲ್ಲ ಮೇಲುಕೋಟೆಯ ಗುಡ್ಡಕ್ಕೆ ಓಡಿದ್ದಾಗ ಮರಿಯಯ್ಯ ಮಂಗಳಮ್ಮ ದಂಪತಿಯ ಒಬ್ಬನೇ ಮಗ, ಅದೇ ವಯಸ್ಸಿನವನು, ಜ್ವರ ಬಂದು ತೀರಿಕೊಂಡಿದ್ದ. ಹಿಂದಿರುಗುವ ದಾರಿಯಲ್ಲಿ ಸಿಕ್ಕಿದ ಈ ಹುಡುಗನನ್ನು ಅವರು ಎತ್ತಿಕೊಂಡರು, ಸತ್ತವನ ಹೆಸರನ್ನೇ ಇಟ್ಟರು. ಈಗ ಕುಳ್ಳಯ್ಯ ಇಪ್ಪತ್ತೊಂದರ ಆಳು. ಒಂದು ಕೈಯಲ್ಲಿ ನೇಗಿಲು, ಇನ್ನೊಂದು ಕೈಯಲ್ಲಿ ಕೋಣ ಎತ್ತಿಕೊಂಡು ಕಾವೇರಿ ದಾಟುತ್ತಾನೆ ಅನ್ನುತ್ತಿದ್ದರು. ಕೋಣದ ಮಾತು ಬಿಡಿ, ನೇಗಿಲಂತೂ ನಿಜ.

ಅವನಿಗೆ ಬೇಕಾಗಿದ್ದವಳು ಚಿಕ್ಕಸ್ವಾಮಿಯ ಮಗಳು ಚಲುವಮ್ಮ. ತೊಡಕು ಅಲ್ಲೇ. ಚಿಕ್ಕಸ್ವಾಮಿಯದು ಬೇಲದ ಬೆಡಗು. ಸಾಕಿದ ಮರಿಯಯ್ಯನದೂ ಬೇಲದ ಬೆಡಗೇ. ತಿಂದರೆ ಹೊಟ್ಟೆ ಒಡೆಯುತ್ತದೆಂದು ಬೇಲದ ಹಣ್ಣನ್ನು ಬಾಯಿಗಿಡದ ಜನ.

“ನೀನು ಸಿಕ್ಕಿದ್ ಮಗ ಅಂತ ಊರ್ಗೇ ಗೊತ್ತು ಕಣ್ಲಾ,” ಎಂದಿದ್ದ ಚಿಕ್ಕಸ್ವಾಮಿ. “ಆದ್ರೆ ಯಾವ್ ಮನೇದು? ಯಾವ್ ಬೆಡಗು? ಬರೀ ಗಾಳೀಗೆ ಎಣ್ ಕೊಡಾಕಾಯ್ತದಾ? ಕಡತ ಏಳ್ಲಿ. ಬ್ಯಾರೆ ಬೆಡಗು ಅಂದ್ರೆ ನಾಳೀಕೇ ಚಪ್ಪರ ಆಕ್ತೀನಿ. ಶಿವರಾತ್ರಿಗಂಟ ಕಾಯ್ತೀನಿ. ಆಮ್ಯಾಕೆ ಅತ್ತಿಗುಪ್ಪೆಯೋರ್ಗೆ ಮಾತ್ ಕೊಟ್ಬುಡ್ತೀನಿ.”

ಚಲುವಮ್ಮ ಬಾವಿಕಟ್ಟೆಯಲ್ಲಿ ಸಿಕ್ಕಿದಾಗ ಕೊಡ ಇಳಿಸದೆಯೇ ಕೇಳಿದಳು: “ಏಳು ಬೇಲದಣ್ ತಿಂದಿದ್ಯಂತಲ್ಲ. ಒಟ್ಟೆ ಒಡೀನಿಲ್ವಲ್ಲ. ಇವ್ರಿಗೆ ಅಷ್ಟು ಸಾಕ್ಷಿ ಸಾಲ್ದಾ?”

“ನಿಮ್ಮಪ್ಪಂಗೆ ಒಟ್ಟೆ ಸಾಕ್ಷಿ ಬ್ಯಾಡ್ವಂತೆ. ಕಡತ್ವೇ ಬೇಕಂತೆ.”

“ಅಂಗಾರೆ ಓಗು. ಬ್ಯಾರೆ ಬೆಡಗು ಅನ್ನಿಸ್ಕಂಡೇ ಬಾ. ಇಲ್ದಿದ್ರೆ ಬರ್ಲೇಬ್ಯಾಡ.”

ಹೊರಡುವುದೆಂದರೆ ಸುಮ್ಮನೆಯೇ? ಊರಲ್ಲಿ ಯಾರೂ ಮಾಡದ ಕೆಲಸ. ಕುಳ್ಳಯ್ಯ ಎಂಟು ದಿನ ಯೋಚಿಸಿದ. ಹಿರೋಡೆಯಿಂದ ಅತ್ತಿಗುಪ್ಪೆಯವರೆಗೆ ಎಲ್ಲ ಮನೆಗಳನ್ನೂ ಸುತ್ತಿದವನು ಆ ಹೆಳವ. ಕಾಳಗದ ವರ್ಷ ಯಾವ ಮನೆ ನಾಲ್ಕು ವರ್ಷದ ಗಂಡುಮಗು ಕಳೆದುಕೊಂಡಿತೋ ಅದು ಅವನ ಕಡತದಲ್ಲಿ ಇದ್ದೇ ಇರಬೇಕು. ಆ ಮನೆಯ ಬಾವಿಯ ಪಕ್ಕ ಎರಡು ತಾಳೆಮರ ಇದ್ದವೇ ಎಂದು ಕೇಳಬೇಕು, ಅವನಿಗೆ ನೆನಪಿದ್ದದ್ದು ಅದೊಂದೇ. ಓದು ಬರಹ ಬಾರದವನು ಒಂದು ಹಗ್ಗ ತೆಗೆದುಕೊಂಡು, ಕೇಳಬೇಕಾದ ಒಂದೊಂದು ಮಾತಿಗೆ ಒಂದೊಂದು ಗಂಟು ಹಾಕಿದ. ಐದು ಗಂಟಾಯಿತು.

ಸುದ್ದಿ ಅರಳಿಕಟ್ಟೆ ಮುಟ್ಟಿದ್ದೇ ತಡ, ಊರೇ ಬಂತು. ಮುಂದೆ ಜವರಯ್ಯ. ಮಂಡ್ಯದ ಬಾವಿಯಲ್ಲಿ ಮುಳುಗಿ ಮೇಲುಕೋಟೆಯ ಕಲ್ಯಾಣಿಯಲ್ಲಿ ಎದ್ದೆ ಎನ್ನುವವನು.

“ಎಳವನ ಮನೆ ನಾನ್ ನೋಡಿವ್ನಿ ಕಣ್ಲಾ,” ಎಂದ. “ಅಟ್ಟದ್ ತುಂಬ ಕಡತ. ಅದರ ಭಾರಕ್ಕೆ ಮನೆ ವರ್ಸಕ್ಕೊಂದು ಗೇಣು ನೆಲದೊಳೀಕೆ ಓಯ್ತದೆ. ಈಗ ಸೂರಿನ್ ಮ್ಯಾಲಿಂದ್ಲೇ ಇಳೀಬೇಕು.”

“ಪಟ್ಟಣದಾಗೂ ನವಾಬರ ದಫ್ತರ ಅದಂತಲ್ಲ ಜವರಣ್ಣ, ಅಲ್ಲಿ ಕೇಳುದ್ರೆ?” ಎಂದ ಕುಳ್ಳಯ್ಯ.

“ಥೂ, ಅಲ್ಲೆಲ್ಲ ಫಾರ್ಸಿ. ಬಲದಿಂದ ಎಡಕ್ ಓದ್ತಾರೆ. ನೀನು ನಿಮ್ಮಪ್ಪ ಯಾರು ಅಂತ ಕೇಳುದ್ರೆ ನಿನ್ ಮೊಮ್ಮಗನ್ ಎಸ್ರು ಏಳ್ತಾರೆ!”

ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ಕಿವಿಯ ಹತ್ತಿರ ಬಂದು ತಮ್ಮ ತಮ್ಮದನ್ನು ಹೇಳಿದರು. ಒಬ್ಬನಿಗೆ ತಾತನ ತಮ್ಮ ಯಾವ ಊರಿಗೆ ಓಡಿಹೋದನೆಂದು ಬೇಕು. ಮುದುಕಿ ಚಿಕ್ಕಬೋರಮ್ಮನಿಗೆ ತಾಯಿಯ ಹೆಸರು ಬೇಕು. “ನಾನ್ ಉಟ್ಟಿದ್ ದಿನ್ವೇ ಸತ್ತೋದ್ಲು ಕಣಪ್ಪ. ಅವ್ಳ ಎಸ್ರು ಏನು ಅಂತ ಯಾರೂ ಏಳ್ನೇ ಇಲ್ಲ. ಕೇಳ್ಕಂಬಾ.” ಹಗ್ಗದಲ್ಲಿ ಹತ್ತೊಂಬತ್ತು ಗಂಟಾಯಿತು.

ಮನೆಯಲ್ಲಿ ಮಾತ್ರ ಬೇರೆ ಗಾಳಿ. ಮಂಗಳಮ್ಮ ಬುತ್ತಿಗೆ ರಾಗಿ ಹುರಿಯುತ್ತ ಮೂರು ಸಲ ಸೀಯಿಸಿದಳು, ಮೂರು ಸಲವೂ ಹೊಸದಾಗಿ ಹುರಿದಳು. ಮರಿಯಯ್ಯನಂತೂ ಒಂದು ದಿನ ಮಂಗಳವಾರ ಎಂದ, ಒಂದು ದಿನ ಹಲ್ಲಿ ನುಡಿಯಿತು ಎಂದ, ಒಂದು ದಿನ ಮೋಡವಿಲ್ಲದ ಆಕಾಶ ನೋಡಿ ಮಳೆ ಬರುತ್ತದೆ ಎಂದ.

“ಅಪ್ಪಾ, ಶಿವರಾತ್ರಿಗೆ ಇನ್ನ ಒಂಬತ್ ದಿನ ಅದೆ,” ಎಂದ ಕುಳ್ಳಯ್ಯ. “ನಾಳೆ ಬೆಳಿಗ್ಗೇನೇ ಒಂಟ್ಬುಡ್ತೀನಿ.”

ಮರಿಯಯ್ಯ ಹೊಲೆಯುತ್ತಿದ್ದ ಕೆರವನ್ನು ಪಕ್ಕಕ್ಕಿಟ್ಟ. ನಡುಹಗಲು. ಹಿತ್ತಿಲಲ್ಲಿ ಕೋಳಿಯ ಸದ್ದೂ ಇರಲಿಲ್ಲ.

“ಓಗ್ಬ್ಯಾಡ,” ಎಂದ. “ಅಲ್ಲಿ ನೀನು ನನ್ ಮಗ ಅಂತ ಬರ್ದದೆ.”

ಕುಳ್ಳಯ್ಯನಿಗೆ ಅರ್ಥವಾಗಲಿಲ್ಲ.

“ಕಾಳಗದ್ ಮಾರ್ನೆ ವರ್ಸ ಎಳವ ಬಂದಾಗ ಊರಲ್ ಯಾರಿದ್ರು? ಅರ್ಧ ಊರು ಇನ್ನೂ ಗುಡ್ಡದ್ ಮ್ಯಾಲೇ ಇತ್ತು. ಕಣದಾಗೆ ನಾನೊಬ್ನೇ. ‘ನಿನ್ ಮಗ ಕುಳ್ಳಯ್ಯ ಎಂಗವ್ನೆ?’ ಅಂದ. ಸತ್ತೋದ ಅನ್ನಾಕೆ ಬಾಯ್ ಬರ್ನಿಲ್ಲ. ನೀನು ಮೆದೆ ಮ್ಯಾಲೆ ಕುಂತಿದ್ದೆ. ‘ಅಗೋ, ಅಲ್ಲವ್ನೆ’ ಅಂದ್ಬುಟ್ಟೆ. ‘ಸಂದಾಕವ್ನೆ’ ಅಂದ. ಬರ್ಕಂಡ್ ಓದ.”

ಅಷ್ಟೇ. ಹೆಳವನ ಲೆಕ್ಕದಲ್ಲಿ ಮರಿಯಯ್ಯನ ಮಗ ಸತ್ತೇ ಇಲ್ಲ, ಸಿಕ್ಕ ಹುಡುಗ ಸಿಕ್ಕೇ ಇಲ್ಲ. ಕುಳ್ಳಯ್ಯ ಬೇಲದ ಬೆಡಗಿನ ರಕ್ತ. ಚಲುವಮ್ಮ ಅವನ ತಂಗಿ. ಒಂದು ಜೀವವನ್ನು ಎರಡು ಮನೆಯಲ್ಲಿ ಬರೆಯುವ ರೂಢಿ ಹೆಳವರಲ್ಲಿಲ್ಲ. ತನ್ನ ಮನೆ ಹುಡುಕಬೇಕಾದರೆ ಮೊದಲು ಇಲ್ಲಿಯ ಹೆಸರನ್ನು ಒರೆಸಬೇಕು. ಒರೆಸಬೇಕಾದರೆ ಈ ಮನೆಯವರು ಸತ್ತವನ ತಿಥಿ ಮಾಡಿ ಊರಿಗೆ ಊಟ ಹಾಕಿರಬೇಕು. ಒರೆಸಿದ ಮೇಲೆ ಕುಳ್ಳಯ್ಯ ಈ ಮನೆಗೆ ನೆಂಟನೂ ಅಲ್ಲ. ನಾಳೆ ಮುದುಕರು ಸತ್ತರೆ ಒಂದು ಹಿಡಿ ಮಣ್ಣು ಹಾಕುವ ಹಕ್ಕೂ ಇಲ್ಲ.

“ತಿಥಿ ಮಾಡ್ಬುಡ್ತೀನಿ,” ಎಂದ ಮರಿಯಯ್ಯ, ನೆಲ ನೋಡುತ್ತ. “ಅದಿನೇಳು ವರ್ಸ ತಡ ಆಯ್ತು. ಊರ್ಗ್ ಊಟ ಆಕ್ತೀನಿ. ನೀನು ಓಗಿ ಒರೆಸ್ಕಂಡು ನಿನ್ ಮನೆ ಉಡಿಕ್ಕೊ. ಸಿಕ್ರೂ ಸಿಕ್ಬೈದು.”

“ಸಿಕ್ನಿಲ್ಲ ಅಂದ್ರೆ?”

ಮರಿಯಯ್ಯ ಕೆರವನ್ನು ಮತ್ತೆ ಕೈಗೆತ್ತಿಕೊಂಡ. ಮಂಗಳಮ್ಮ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು: “ಒಂದೇ ಎಸ್ರಲ್ಲಿ ಇಬ್ರವ್ರೆ ಕಣಪ್ಪ. ಒರೆಸಿದ್ರೆ ಇಬ್ರೂ ಓಯ್ತಾರೆ.”

ಹೋಗಬೇಡ ಎಂದು ಅವಳು ಅನ್ನಲಿಲ್ಲ. ನಾಲ್ಕನೆಯ ಸಲ ರಾಗಿ ಹುರಿಯುವುದಕ್ಕೆ ಕೂತಳು. ಬಾಣಲೆಯ ಮೇಲೆ ಆಡುತ್ತಿದ್ದ ಆ ಕೈಯನ್ನು ಕುಳ್ಳಯ್ಯ ನೋಡಿದ. ಗಾಡಿಯ ಕೆಳಗಿನಿಂದ ಅವನನ್ನು ಎಳೆದುಕೊಂಡದ್ದು ಅದೇ ಕೈ. ಮಾತು ಬಾರದ ಮಗುವಿಗೆ ಒಂದು ವರ್ಷ ‘ಅವ್ವ ಅನ್ನು, ಅವ್ವ ಅನ್ನು’ ಎಂದು ಗಲ್ಲ ತಟ್ಟಿದ್ದು ಅದೇ.

ಬೆಳಿಗ್ಗೆ ಅವನು ಹೊರಟ. ಹೋಗಿಬಂದೆ ಎನ್ನುವುದಕ್ಕಾದರೂ ಊರು ಬಿಡಬೇಕಲ್ಲ. ಹೆಬ್ಬಾಗಿಲವರೆಗೆ ಬಂದು ಕಳಿಸಿದರು. “ಸೂರಿನ್ ಮ್ಯಾಲಿಂದ ಇಳೀಲಾ, ಮರೀಬ್ಯಾಡ!” ಎಂದು ಜವರಯ್ಯ ಕೂಗಿದ. ತಿಥಿಯ ಮಾತನ್ನು ಮರಿಯಯ್ಯ ಮತ್ತೆ ಎತ್ತಲಿಲ್ಲ, ಕುಳ್ಳಯ್ಯನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಲುಕೋಟೆಯ ಗುಡ್ಡ ಹತ್ತಿದ. ನಾಗಮಂಗಲದ ದಾರಿ ಆಚೆ ಕಡೆ ಇಳಿದುಹೋಗುತ್ತಿತ್ತು, ಬಿಳೀ ದಾರಿ, ನಾಗಮಂಗಲದವರೆಗೂ ಕಾಣುತ್ತದೇನೋ ಎನ್ನುವಂತೆ. ಆ ದಾರಿಯ ಕೊನೆಯಲ್ಲಿ ಯಾವುದೋ ಬಾವಿ, ಎರಡು ತಾಳೆಮರ, ಯಾರೋ ಒಬ್ಬಳು ಇನ್ನೂ ಬದುಕಿದ್ದರೂ ಇರಬಹುದು. ಅವನು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತ. ಮಾರನೆಯ ದಿನವೂ ಕೂತ. ಒಂದು ಸಲ ಎದ್ದು ಆಚೆಯ ಇಳಿಜಾರಿನಲ್ಲಿ ಕೂಗಳತೆ ದೂರ ಇಳಿದ, ಕಾಲು ನಿಂತಿತು, ಹತ್ತಿ ಬಂದ. ನಾಲ್ಕು ದಿನ ಕೂತು, ಬುತ್ತಿ ಮುಗಿದ ಮೇಲೆ, ಬಂದ ದಾರಿಯಲ್ಲೇ ಹಿಂದಿರುಗಿದ.

ಅರಳಿಕಟ್ಟೆಯಲ್ಲಿ ಊರು ಕಾಯುತ್ತಿತ್ತು.

“ಓದ್ಸಿದೆ,” ಎಂದ ಕುಳ್ಳಯ್ಯ. “ನಾನು ಮರಿಯಯ್ಯನ ಎತ್ತ ಮಗ ಅಂತ ಬರ್ದದೆ. ಬೇಲದ ಬೆಡಗು.”

ಚಿಕ್ಕಸ್ವಾಮಿ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, “ಕಡತ ಏಳಿದ್ ಮ್ಯಾಲೆ ಆಯ್ತು ಬುಡು,” ಎಂದ. ಆಗ ಜವರಯ್ಯ ಗಂಟಲು ಸರಿಮಾಡಿಕೊಂಡ. ಗುಡ್ಡದ ಮೇಲೆ ಮರಿಯಯ್ಯನ ಮಗನಿಗೆ ಪುಟ್ಟ ಗುಂಡಿಯನ್ನು ಹದಿನೇಳು ವರ್ಷದ ಹಿಂದೆ ತನ್ನ ಕೈಯಾರೆ ತೋಡಿದ್ದವನು ಅವನೇ.

“ಅಂಗೇ ಇರ್ಬೇಕು,” ಎಂದ. “ನಾನು ಮಣ್ ಮಾಡಿದ್ದು ಬ್ಯಾರೆ ಯಾರ್ದೋ ಮಗ ಇರ್ಬೇಕು. ಓಡೋ ಗಲಾಟೇಲಿ ಯಾರ್ ಮಗ ಯಾರ್ ಕೈಲಿ ಅಂತ ಯಾರ್ಗ್ ಗೊತ್ತು? ಕಣ್ಣು ಸುಳ್ ಏಳ್ತದೆ, ಕಡತ ಏಳಲ್ಲ.”

ಹೌದು ಹೌದು ಎಂದರು ಎಲ್ಲರೂ. ಸತ್ತ ಮಗುವನ್ನು ತೊಳೆದವಳೂ ಹೌದೆಂದಳು. ಜನರ ಹಿಂದೆ ನಿಂತಿದ್ದ ಮಂಗಳಮ್ಮ ಎರಡು ಹೆಜ್ಜೆ ಮುಂದೆ ಬಂದಳು, ಬಾಯಿ ತೆರೆದಳು. ಕುಳ್ಳಯ್ಯ ಅವಳನ್ನೇ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡು ಮನೆಯ ಕಡೆ ತಿರುಗಿದಳು.

ಚಿಕ್ಕಬೋರಮ್ಮ ಕೋಲೂರಿಕೊಂಡು ಹತ್ತಿರ ಬಂದಳು. “ನಮ್ಮವ್ವನ್ ಎಸ್ರು?”

ಕುಳ್ಳಯ್ಯ ಹಗ್ಗದ ಗಂಟುಗಳನ್ನು ಬೆರಳಲ್ಲಿ ಎಣಿಸುವವನ ಹಾಗೆ ಮಾಡಿದ. “ದ್ಯಾವಮ್ಮ ಅಂತೆ,” ಎಂದ.

“ದ್ಯಾವಮ್ಮ,” ಎಂದಳು ಮುದುಕಿ. ದಾರಿಯುದ್ದಕ್ಕೂ ಅನ್ನುತ್ತಲೇ ಹೋದಳು.

ಶಿವರಾತ್ರಿ ಕಳೆದ ಹತ್ತನೆಯ ದಿನ ಚಪ್ಪರ ಎದ್ದಿತು. ಅತ್ತಿಗುಪ್ಪೆಯ ಗಂಡು ಎರಡು ಗಾಡಿ ಜನರೊಡನೆ ಬಂದಿಳಿದ. ಗಂಡಿನ ಕಾಲು ತೊಳೆಯುವುದು ಹೆಣ್ಣಿನ ಅಣ್ಣನ ಕೆಲಸ. ಚಿಕ್ಕಸ್ವಾಮಿಗೆ ಗಂಡುಮಕ್ಕಳಿರಲಿಲ್ಲ. ಬೆಡಗಿನಲ್ಲಿ ಅಣ್ಣನಾಗುವವನು ಯಾರೆಂದು ಹಿರಿಯರು ನೋಡಿದರು, ದೂರ ಹುಡುಕಬೇಕಾಗಲಿಲ್ಲ.

ಕುಳ್ಳಯ್ಯ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಗಂಡಿನ ಪಾದದಲ್ಲಿ ದಾರಿಯ ಕೆಂಪು ಮಣ್ಣು ಹತ್ತಿತ್ತು, ಒಣಗಿತ್ತು. ನೀರು ಸುರಿದು, ಬೆರಳ ಸಂದಿಯಿಂದ ಉಜ್ಜಿ ತೆಗೆದ. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಚಲುವಮ್ಮ, ಓಲಗದ ಸದ್ದಿನ ಮರೆಯಲ್ಲಿ, ಅವನಿಗೊಬ್ಬನಿಗೇ ಕೇಳುವಂತೆ ಕೇಳಿದಳು:

“ನಿಜ್ವಾಗ್ಲೂ ಓಗಿದ್ಯಾ ಅಲ್ಲಿಗೆ?”

ಅವನು ತಲೆ ಎತ್ತಲಿಲ್ಲ. ಇನ್ನೊಂದು ಪಾದ ಮುಂದೆ ಚಾಚಿಕೊಂಡು ಬಂತು. ಕುಳ್ಳಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.