ರುಚಿ ನೋಡದ ಕೈ

ಸೌಟನ್ನು ತುಟಿಯ ಹತ್ತಿರಕ್ಕೆ ತಂದು ರಘೂತ್ತಮ ನಿಂತುಬಿಟ್ಟ. ಸಾರಿನ ಹಬೆ ಕನ್ನಡಕಕ್ಕೆ ಹೊಡೆದು ಎದುರಿನ ಗೋಡೆ, ಗೋಡೆಯಲ್ಲಿದ್ದ ದೇವರ ಗೂಡು ಎಲ್ಲ ಮಸುಕಾದವು. ಒಳ್ಳೆಯದೇ ಆಯಿತು ಅಂದುಕೊಂಡ. ಕಣ್ಣು ಮುಚ್ಚಿ ಸೊರ್ರೆಂದು ಒಂದು ಗುಟುಕು ಎಳೆದ. ನಾಲಿಗೆ ಸುಟ್ಟಿತು. ಸುಟ್ಟ ನಾಲಿಗೆಗೆ ಉಪ್ಪೂ ತಿಳಿಯಲಿಲ್ಲ, ಹುಳಿಯೂ ತಿಳಿಯಲಿಲ್ಲ. ಕಾದು, ಊದಿ ಆರಿಸಿ, ಇನ್ನೊಂದು ಗುಟುಕು ಕುಡಿದ. ಸಪ್ಪೆ. ಕಹಿಯಿಲ್ಲ. ಖಂಡಿತ ಕಹಿಯಿಲ್ಲ.

ಜನ್ಮದಲ್ಲಿ ಮಾಡದ ಕೆಲಸ ಅದು. ನಂಜನಗೂಡಿನ ಮಠದ ಅಡುಗೆಮನೆಯಲ್ಲಿ ಅವನ ತಾತ ಸೌಟು ಹಿಡಿದಿದ್ದರು, ಆಮೇಲೆ ಅಪ್ಪ, ಈಗ ಅವನು. ಮಡಿಯುಟ್ಟು ಮಾಡಿದ ಅಡುಗೆ ಮೊದಲು ದೇವರಿಗೆ. ಅದಕ್ಕೂ ಮುಂಚೆ ಮಾಡಿದವನ ನಾಲಿಗೆಗೆ ಸೋಕಿದರೆ ಎಂಜಲು. ನೂರಾರು ಜನಕ್ಕೆ ಹುಳಿ ಬೇಯಿಸಿದರೂ ಉಪ್ಪು ಅಂಗೈಯ ಅಂದಾಜಿನಲ್ಲೇ ಬೀಳಬೇಕು, ಹದ ಮೂಗಿಗೇ ತಿಳಿಯಬೇಕು. ರುಚಿ ನೋಡದ ಕೈ ಎಂದು ಭಕ್ತಾದಿಗಳು ಅವನನ್ನು ಹೊಗಳುತ್ತಿದ್ದರು. ಹೆಂಡತಿ ಹಂಸಾಗೆ ಕಿಡ್ನಿ ಕಾಯಿಲೆ ಎಂದು ಗೊತ್ತಾದ ಮೇಲೆ ಮನೆಯ ಅಡುಗೆಯನ್ನೂ ಅವನೇ ಹಚ್ಚಿಕೊಂಡ. ಮಾಡಿ, ದೇವರ ಮುಂದಿಟ್ಟು, ಅವಳಿಗೆ ಬಡಿಸಿ, ಮಠಕ್ಕೆ ಹೋಗುವುದು. ಅವನ ಊಟ ಮಠದಲ್ಲೇ. ಅವಳಿಗೆಂದು ಮಾಡಿದ್ದನ್ನು ಅವನು ಒಂದು ದಿನವೂ ಉಂಡಿರಲಿಲ್ಲ.

ಇವತ್ತಿನ ಸಾರನ್ನು ದೇವರ ಮುಂದಿಡುವ ಹಾಗಿರಲಿಲ್ಲ. ಇಡಲಿಲ್ಲ. ಗೂಡಿನ ಕಡೆ ನೋಡದೆ ಡಬ್ಬಿಗೆ ಬಗ್ಗಿಸಿದ. ಇನ್ನೆರಡು ಡಬ್ಬಿಗೆ ಅನ್ನವನ್ನೂ, ಬೇಯಿಸಿ ನೀರು ಬಸಿದ ಹೀರೇಕಾಯಿ ಪಲ್ಯವನ್ನೂ ತುಂಬಿ, ಕ್ಯಾರಿಯರ್ ಹಿಡಿದು ನರಸೀಪುರದ ಬಸ್ಸು ಹತ್ತಿದ.

ಕಿಟಕಿ ಪಕ್ಕ ಜಾಗ ಸಿಕ್ಕಿತು. ಕ್ಯಾರಿಯರ್ ತೊಡೆಯ ಮೇಲೆ, ಮೊಬೈಲು ಜೇಬಿನಲ್ಲಿ. ಕೈ ಆಗಾಗ ಜೇಬಿನ ಕಡೆ ಹೋಗುತ್ತಿತ್ತು. ಎಳೆದು ಕ್ಯಾರಿಯರ್ ಮೇಲೆ ಇಟ್ಟುಕೊಳ್ಳುತ್ತಿದ್ದ.

ಕಾಯಿಲೆ ಬಂದದ್ದು ಹಂಸಾಗೆ. ಅದನ್ನು ಸಾಕಿದವನು ಅವನು. ಮೊದಲು ಸುಮ್ಮನೆ ತಿಳಿದುಕೊಳ್ಳೋಣ ಅಂತಲೇ ಶುರುಮಾಡಿದ್ದು. ಏನು ತಿನ್ನಬಾರದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ. ಅಲ್ಲಿಗೆ ನಿಲ್ಲಲಿಲ್ಲ. ಮಠದಲ್ಲಿ ಬೇಳೆ ಬೇಯುವಾಗ ಮೊಬೈಲಿನಲ್ಲಿ ಓದಿದ. ಕಪಿಲೆಯ ಮೆಟ್ಟಿಲ ಮೇಲೆ ಒದ್ದೆ ಪಂಚೆಯಲ್ಲಿ ಕೂತು ವಿಡಿಯೊ ನೋಡಿದ. ರಕ್ತಪರೀಕ್ಷೆಯ ಕ್ರಿಯಾಟಿನಿನ್ ಎಂಬ ಮಾತು ಅವನ ಬಾಯಲ್ಲಿ ಮಂತ್ರದಷ್ಟು ಸಲೀಸಾಯಿತು. ಕಿಡ್ನಿಗೆ ಆಗದ ಪೊಟ್ಯಾಸಿಯಂ ಹೆಚ್ಚು ಎಂದು ರಸಬಾಳೆ ಹಣ್ಣು ಹೊಸಿಲು ದಾಟದಂತೆ ನೋಡಿಕೊಂಡ. ಮಠದಿಂದ ಬಂದ ಹಣ್ಣಿನ ಚಿಪ್ಪನ್ನು ಬೀದಿಯ ಹಸುವಿಗೆ ಕೊಟ್ಟ. “ಮೂಸೋದಕ್ಕಾದರೂ ಒಂದು ಇರಲಿ ಬಿಡ್ರೀ” ಎಂದು ಹಂಸಾ ಕಿಟಕಿಯಲ್ಲಿ ನಿಂತು ಹಸುವನ್ನು ನೋಡುತ್ತಿದ್ದಳು. ಅವಳು ಕುಡಿಯುವ ನೀರನ್ನು ಸಂಧ್ಯಾವಂದನೆಯ ತಾಮ್ರದ ಉದ್ಧರಣೆಯಲ್ಲಿ ಅಳೆದು ಕೊಡುತ್ತಿದ್ದ.

“ತೀರ್ಥ ಕೊಟ್ಟ ಹಾಗೆ ಕೊಡ್ತೀರಲ್ಲ, ಉಳಿದಿದ್ದು ತಲೆಗೆ ಒರೆಸಿಕೊಳ್ಳಲಾ?”

“ನಗಬೇಡ ಕಣೇ. ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳತ್ತೆ.”

“ಆಯ್ತು, ಅಳ್ತೀನಿ. ಅದರಲ್ಲಾದರೂ ಒಂದಿಷ್ಟು ನೀರು ಹೋಗತ್ತಲ್ಲ.”

ಅವಳು ಮಲಗಿದ್ದಾಗ ಸೀರೆಯ ಅಂಚು ಸರಿಸಿ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳೊತ್ತಿ, ಬಿದ್ದ ಗುಳಿ ಎಷ್ಟು ಬೇಗ ತುಂಬುತ್ತದೆ ಎಂದು ನೋಡುವ ಅಭ್ಯಾಸವೂ ಬಂತು. ಗುಳಿ ನಿಂತರೆ ಊತ. ಕಾಲು ಮುಟ್ಟಿದ್ದಕ್ಕೆ ಮೊದಮೊದಲು ಅವಳು ಬೇರೇನೋ ಅಂದುಕೊಂಡು ಮುಗುಳ್ನಕ್ಕಿದ್ದಳು.

ಆಮೇಲೆ ಆ ಉಪ್ಪು. ಸೋಡಿಯಂ ಕಡಿಮೆಯಿರುವ ಉಪ್ಪು ಸಿಗುತ್ತದೆ ಎಂದು ವಿಡಿಯೊದಲ್ಲಿ ಯಾರೋ ಒಬ್ಬ ಹೇಳಿದ. ಮೈಸೂರಿಗೆ ಹೋಗಿ ಹುಡುಕಿ ತಂದು, ಭರಣಿಗೆ ಸುರಿದು, ಪೊಟ್ಟಣ ಎಸೆದ. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಕಿಡ್ನಿ ಕೆಟ್ಟವರು ಅದನ್ನು ಮುಟ್ಟಬಾರದು ಎಂಬುದು ಆ ಪೊಟ್ಟಣದ ಬೆನ್ನಿನಲ್ಲೇ ಸಣ್ಣಕ್ಷರದಲ್ಲಿತ್ತಂತೆ. ಊರಿನದನ್ನೆಲ್ಲ ಓದಿದವನು ಅದೊಂದನ್ನು ಓದಲಿಲ್ಲ. ತರಕಾರಿಯಿಂದ ಪೊಟ್ಯಾಸಿಯಂ ಬಸಿದು ಚೆಲ್ಲಿದ ಕೈಯಲ್ಲೇ ಸಾರಿಗೆ ಪೊಟ್ಯಾಸಿಯಂ ಹಾಕುತ್ತಿದ್ದ. ಒಳ್ಳೆಯ ಉಪ್ಪಲ್ಲವೇ ಎಂದು ತುಸು ಧಾರಾಳವಾಗಿಯೇ.

ಅದರ ರುಚಿ ಕಹಿ. ಒಂದು ತೊಟ್ಟು ನಾಲಿಗೆಗೆ ಬಿಟ್ಟುಕೊಂಡಿದ್ದರೆ ತಿಳಿಯುತ್ತಿತ್ತು. ಬಿಟ್ಟುಕೊಳ್ಳುವುದು ಅವನ ವಂಶದಲ್ಲಿರಲಿಲ್ಲ. ಹಂಸಾ ಕೂಡ ದೇವರಿಗಿಟ್ಟದ್ದನ್ನು ಹಳಿಯುವ ಮನೆಯಲ್ಲಿ ಬೆಳೆದವಳಲ್ಲ. ಆದರೂ ಒಂದು ದಿನ ತಟ್ಟೆಯಲ್ಲಿ ಕೈ ನಿಲ್ಲಿಸಿ ಹೇಳಿದಳು:

“ರೀ, ಸಾರು ಯಾಕೋ ಕಹಿ.”

“ಸಾರಲ್ಲ ಕಣೇ, ನಿನ್ನ ನಾಲಿಗೆ. ರಕ್ತದಲ್ಲಿ ಯೂರಿಯಾ ಏರಿದರೆ ಎಲ್ಲ ಕಹಿ ಅನ್ಸತ್ತೆ. ಅದೊಂದು ಲಕ್ಷಣ. ಓದಿದೀನಿ ನಾನು.”

“ಹಾಗಾದ್ರೆ ಮಜ್ಜಿಗೆ ಯಾಕೆ ಕಹಿ ಇಲ್ಲ?”

ಅದಕ್ಕೂ ಅವನ ಹತ್ತಿರ ಉತ್ತರವಿತ್ತು. ಏನು ಉತ್ತರ ಎಂದು ಈಗ ನೆನಪಾಗುತ್ತಿಲ್ಲ. ಅವಳು ತಲೆ ತಗ್ಗಿಸಿ ಉಂಡಳು. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಕಾಲು ಸೋತು ಕುಸಿದಳು. ಮೈಸೂರಿನ ಆಸ್ಪತ್ರೆಗೆ ಮುಟ್ಟಿಸುವ ಹೊತ್ತಿಗೆ ಎದೆಬಡಿತ ನಿಲ್ಲುವುದರಲ್ಲಿತ್ತು. ಡಾಕ್ಟರು ರಿಪೋರ್ಟ್ ಹಿಡಿದು ಬಂದು ಕೇಳಿದ್ದು ಒಂದೇ ಮಾತು: “ಮನೇಲಿ ಯಾವ ಉಪ್ಪು ಬಳಸ್ತೀರಿ?”

ಜೀವ ಉಳಿಯಿತು. ಅಂದಿನಿಂದ ಡಯಾಲಿಸಿಸ್. “ಇವತ್ತಲ್ಲ ನಾಳೆ ಬೇಕಾಗ್ತಿತ್ತು” ಎಂದರು ಡಾಕ್ಟರು. ಅದು ಸಮಾಧಾನವೋ, ಮರುಕವೋ ಅವನಿಗೆ ಗೊತ್ತಾಗಲಿಲ್ಲ. ಹೊರಡುವಾಗ ಅವನ ಭುಜ ಹಿಡಿದು ಹೇಳಿದರು: “ತಿಳ್ಕೊಳ್ಳಿ, ಬೇಡ ಅನ್ನಲ್ಲ. ತಿಂಗಳ ರಿಪೋರ್ಟ್ ಬಂದಾಗ ನನ್ನನ್ನ ಕೇಳಿ. ಮಿಕ್ಕ ದಿನ ಮೊಬೈಲ್ ಮುಟ್ಟಬೇಡಿ. ಅವರು ಹೇಗಿದಾರೆ ಅಂತ ಅವರನ್ನೇ ಕೇಳಿ, ಅವರು ಹೇಳಿದ್ದನ್ನ ನಂಬಿ.”

ಏಕಾದಶಿಯ ಹಾಗೆ ಅದನ್ನು ಹಿಡಿದ. ಉಪವಾಸದ ದಿನ ಹೊಟ್ಟೆಗೆ ಊಟದ್ದೇ ಧ್ಯಾನವಾಗುವಂತೆ, ಓದುವುದನ್ನು ಬಿಟ್ಟ ಮೇಲೆ ಅವನ ತಲೆಯಲ್ಲಿ ಓದಬೇಕಾದದ್ದೇ ಸುತ್ತುತ್ತಿತ್ತು.

ಹಂಸಾ ಮಾತ್ರ ಮನೆಗೆ ಬರಲಿಲ್ಲ. ಆಸ್ಪತ್ರೆಯಿಂದ ನೇರ ನರಸೀಪುರಕ್ಕೆ, ಅಣ್ಣ ಕೃಷ್ಣನ ಮನೆಗೆ ಹೋದಳು. ಡಯಾಲಿಸಿಸ್ ಅಲ್ಲೇ ಹತ್ತಿರದಲ್ಲಿ. ಜಗಳವಾಡಲಿಲ್ಲ, ಬೈಯಲಿಲ್ಲ. ಅವನ ಕೈಯದನ್ನು ತಿನ್ನುವುದು ಬಿಟ್ಟಳು, ಅಷ್ಟೆ. ಹೋದಾಗಲೆಲ್ಲ ಅವನ ಕ್ಯಾರಿಯರ್ ತುಂಬಿಕೊಂಡೇ ವಾಪಸ್ಸಾಗುತ್ತಿತ್ತು. ಇವತ್ತು ಒಂದು ತುತ್ತು ತಿಂದರೆ ಸಾಕು, ಮನೆಗೂ ಬರುತ್ತಾಳೆ. ಆ ಒಂದನ್ನು ಹಿಡಿದುಕೊಂಡು ಅವನು ಬಸ್ಸಿನಲ್ಲಿ ಕೂತಿದ್ದ. ಅವನ ಮನೆಯ ಹಿಂದೆ ಹರಿದ ಕಪಿಲೆಯೂ ಅದೇ ದಿಕ್ಕಿಗೆ ಹೋಗಿ ಆ ಊರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಎರಡು ಹೊಳೆ ಕೂಡುವ ಊರಿನಲ್ಲಿ ಹಂಸಾಗೆ ಒಂದು ಲೋಟ ನೀರು ಕುಡಿಯುವ ಹಾಗಿಲ್ಲ.

ಡಯಾಲಿಸಿಸ್ ಕೋಣೆಯಲ್ಲಿ ಅವಳ ಪಕ್ಕದ ಮಂಚ ಮೂಗೂರಿನ ಚಿಕ್ಕಸ್ವಾಮಿಯದು. ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನುಷ್ಯ. ತೋಳಿಗೆ ಕೊಳವೆ ಚುಚ್ಚಿಸಿಕೊಂಡೂ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಬಂದ್ರಾ ಸಾಮಿ? ಇವತ್ತೇನ್ ಓದ್ಕಂಡ್ ಬಂದ್ರಿ?”

“ಏನೂ ಇಲ್ಲ ಚಿಕ್ಕಸ್ವಾಮಿ. ಓದೋದು ಬಿಟ್ಟೆ.”

“ಅಯ್ಯೋ, ಇನ್ ನಂಗ್ಯಾರ್ ಏಳಾರು? ನಾನೋ ಇದುವರ್ಗೂ ಏನ್ನೂ ಕೇಳ್ದೋನಲ್ಲ. ಅಬ್ಬದಲ್ಲಿ ಒಂದ್ ಚೊಂಬು ಪಾನಕ ಕುಡ್ದು, ಉಸ್ರು ಕಟ್ಟಿ, ನಮ್ಮೋಳು ಬಾಯ್ ಬಡ್ಕಳಂಗಾಯ್ತು. ನೀವು ಎಲ್ಲಾನೂ ಓದಿದ್ರಿ. ಈಗ ನೋಡಿ, ನಿಮ್ಮನೆ ಅಮ್ಮೋರೂ ನಾನೂ ಅಕ್ಕಪಕ್ಕ ಮನ್ಗಿವಿ. ಇಬ್ರುಗೂ ಅದೇ ಮಿಷನ್ನು ಕಣ್ ಸಾಮಿ.”

ಹಂಸಾ ನಕ್ಕಳು. ಆ ನಗು ಕೇಳಿ ಬಹಳ ದಿನವಾಗಿತ್ತು. ರಘೂತ್ತಮ ಸ್ಟೂಲು ಎಳೆದು ಕೂತ.

“ಹೇಗಿದೀಯ?” ಡಾಕ್ಟರು ಹೇಳಿಕೊಟ್ಟಂತೆ ಕೇಳಿದ.

“ಬಾಯಾರಿದೆ. ಕಾಲು ಹಗುರವಾಗಿದೆ. ಮಿಕ್ಕಿದ್ದು ಅದೇ.”

“ಊಟ ತಂದಿದೀನಿ.”

“ಗೊತ್ತು.”

“ರುಚಿ ನೋಡಿ ತಂದಿದೀನಿ, ಹಂಸಾ.”

ಅವಳು ದಿಂಬಿನ ಮೇಲೆ ಮುಖ ಹೊರಳಿಸಿದಳು. “ಯಾರು?”

“ನಾನೇ.”

“ದೇವರಿಗೆ?”

“ಇಡಲಿಲ್ಲ. ಎಂಜಲು ಹೇಗೆ ಇಡಲಿ?”

ಅವಳು ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಏನೋ ಸಡಿಲವಾದದ್ದು ಅವನಿಗೆ ಕಂಡಿತು.

“ಹೇಗಿತ್ತು?”

“ಮೊದಲನೇ ಗುಟುಕಿಗೆ ನಾಲಿಗೆ ಸುಟ್ಟಿತು.”

“ಊದಿಕೊಂಡು ಕುಡೀಬೇಕು ಅಂತಾನೂ ಗೊತ್ತಿಲ್ವಾ ನಿಮಗೆ? ಇಷ್ಟು ವರ್ಷ ಅಡುಗೆ ಮಾಡಿ!”

ಅವನು ಆತುರದಲ್ಲಿ ಕ್ಯಾರಿಯರ್ ಬಿಚ್ಚಿದ. ಅನ್ನಕ್ಕೆ ಸಾರು ಹಾಕಿ ಚಮಚದಲ್ಲಿ ಮೆತ್ತಗೆ ಕಲಸಿದ. ಅವಳು ಬೇಡ ಅನ್ನಲಿಲ್ಲ. ತಲೆ ತುಸು ಎತ್ತಿದಳು ಕೂಡ. ಬಲಗೈಯಲ್ಲಿ ಚಮಚ ತುಂಬಿಕೊಳ್ಳುತ್ತಿದ್ದಂತೆ ಅವನ ಎಡಗೈ, ಯಾರೂ ಹೇಳದೆ, ಹೊದಿಕೆಯ ಕೆಳಗೆ ಸರಿಯಿತು. ಅವಳ ಮೊಣಕಾಲ ಕೆಳಗಿನ ಮೂಳೆ ಸಿಕ್ಕಿತು. ಹೆಬ್ಬೆರಳು ಒತ್ತಿತು. ಬಿಟ್ಟು, ಗುಳಿ ತುಂಬುವುದನ್ನು ಬೆರಳ ತುದಿಯಲ್ಲಿ ಸವರಿ ನೋಡಿತು. ಅಷ್ಟು ಹೊತ್ತು ಚಮಚ ಗಾಳಿಯಲ್ಲೇ ನಿಂತಿತ್ತು.

ಅವನು ತಲೆಯೆತ್ತಿದಾಗ ಅವಳು ಚಮಚವನ್ನು ನೋಡುತ್ತಿರಲಿಲ್ಲ. ಹೊದಿಕೆ ಉಬ್ಬಿದ್ದ ಜಾಗವನ್ನು ನೋಡುತ್ತಿದ್ದಳು.

“ಅದೇನು?”

“ಏನಿಲ್ಲ. ಊತ ಸ್ವಲ್ಪ ಇಳಿದಿದೆ.”

“ಕಾಲು ಹಗುರವಾಗಿದೆ ಅಂತ ಹೇಳಿದೆನಲ್ಲ ಆಗಲೇ.”

“ಹೌದು, ಹೇಳಿದೆ. ಆದರೂ…”

“ಆದರೂ.”

ಅವನು ಕೈ ಹೊರಗೆ ತೆಗೆದ. ಪಕ್ಕದ ಮಂಚದ ಚಿಕ್ಕಸ್ವಾಮಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ರಘೂತ್ತಮ ಚಮಚವನ್ನು ಅವಳ ತುಟಿಯ ಹತ್ತಿರಕ್ಕೆ ಒಯ್ದ. ಒಂದೆರಡು ಅಗುಳು ಹೊದಿಕೆಯ ಮೇಲೆ ಬಿದ್ದವು.

“ಒಂದೇ ತುತ್ತು. ಕಹಿಯಿಲ್ಲ ಕಣೇ. ಖಂಡಿತ ಕಹಿಯಿಲ್ಲ.”

“ಬೇಡ.”

“ಹಂಸಾ, ನಾನೇ ನೋಡಿದೀನಿ…”

“ಬೇಡ ಅಂದೆ. ಇವತ್ತೂ ಬೇಡ, ನಾಳೇನೂ ಬೇಡ. ಮುಚ್ಚಿ ತಗೊಂಡು ಹೋಗಿ.”